ಸರೋವರ ಇದೆ ಎಂಬ ಪ್ರಮಾಣಪತ್ರ

ಆ ದೇಶದ ದೊಡ್ಡ ಸರೋವರದಲ್ಲಿ ದೋಣಿ ಹತ್ತುವ ಹಕ್ಕು ಅದನ್ನು ಮೊದಲ ಸಲ ನೋಡುವವರಿಗೆ ಮಾತ್ರ ಇದೆ. ಈಗಾಗಲೇ ನೋಡಿದವರು ಮೂವತ್ತು ದಿನ ಕಾಯತಕ್ಕದ್ದು. ನೋಡಿದವರೇ ಮತ್ತೆ ಮತ್ತೆ ನೋಡುತ್ತಿದ್ದರೆ ನೋಡದವರಿಗೆ ಏನು ಉಳಿಯುತ್ತದೆ ಎಂಬ ದೂರದೃಷ್ಟಿಯಿಂದ ಹಿಂದಿನವರು ಮಾಡಿಟ್ಟ ನಿಯಮವಿದು. ದಡದಲ್ಲಿದ್ದ ಪರವಾನಗಿ ಕಚೇರಿಯ ಕಿಟಕಿಗಳಿಗೆ ದಪ್ಪ ಪರದೆ ಎಳೆದಿದ್ದರು. ಅರ್ಜಿ ಮಂಜೂರಾಗುವ ಮೊದಲೇ ಯಾರೂ ನೀರನ್ನು ಕದ್ದು ನೋಡಬಾರದಲ್ಲ.

ಇದೊಂದೂ ಗೊತ್ತಿಲ್ಲದೆ ಮಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಆ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರ ಮುಖಕ್ಕೆ ಗಾಜು ಹಿಡಿದು ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳಿ ಕೇಳಿ, ಮೂರು ವರ್ಷದ ರಜೆಯನ್ನು ಕೂಡಿಟ್ಟು ಈ ಪ್ರವಾಸ ಏರ್ಪಡಿಸಿದ್ದಳು. ಅಂದು ಕಡೆಯ ದಿನ. ಕಡೆಯ ದೋಣಿ ಸಂಜೆ ಐದಕ್ಕೆ, ವಿಮಾನ ಮರುದಿನ ಬೆಳಿಗ್ಗೆ.

ಹಿಂದಿನ ನಾಲ್ಕು ದಿನ ಚೆನ್ನಾಗಿಯೇ ಕಳೆದಿದ್ದವು. ಅಪ್ಪ ದಾಖಲೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ವಸ್ತು ಸಂಗ್ರಹಾಲಯಕ್ಕೆ ಹೋದರೆ ಒಂದು ವಿಗ್ರಹವನ್ನೂ ನೋಡದೆ, ‘ಸಂದರ್ಶಕರಿಗೆ ಸೂಚನೆಗಳು’ ಎಂಬ ಫಲಕವನ್ನು ಮಗಳ ಕೈಯಲ್ಲಿ ಮೊಬೈಲಿನ ನೆರವಿನಿಂದ ಪೂರ್ತಿ ಅನುವಾದ ಮಾಡಿಸಿ ಕೇಳಿ, "ಹನ್ನೊಂದನೇದೂ ಹದಿನಾಲ್ಕನೇದೂ ಒಂದಕ್ಕೊಂದು ವಿರುದ್ಧ ಇದೆ" ಎಂದು ತೃಪ್ತಿಯಿಂದ ಹೊರಬಂದಿದ್ದರು. ಅಮ್ಮ ಹೋದಲ್ಲೆಲ್ಲ ನಲ್ಲಿ ತಿರುಗಿಸಿ ನೋಡಿ, "ನೀರು ಜೋರಾಗಿ ಬರುತ್ತೆ" ಎಂದು ಆ ದೇಶಕ್ಕೆ ಒಳ್ಳೆಯ ಹೆಸರು ಕೊಟ್ಟಿದ್ದರು.

ಆದರೆ ಅಮ್ಮ ಬಂದಿದ್ದು ಇದಕ್ಕಲ್ಲ, ಸರೋವರಕ್ಕೆ. ಮನೆಯಲ್ಲಿ ಒಲೆಯ ಮೇಲುಗಡೆ ಹನ್ನೊಂದು ವರ್ಷದಿಂದ ಒಂದು ಕ್ಯಾಲೆಂಡರಿನ ಚಿತ್ರ ತೂಗುತ್ತಿತ್ತು. ವರ್ಷ ಮುಗಿದ ಮೇಲೆ ತಾರೀಖುಗಳನ್ನು ಕತ್ತರಿಸಿ ಎಸೆದು ಅಮ್ಮ ಚಿತ್ರವನ್ನಷ್ಟೇ ಉಳಿಸಿಕೊಂಡಿದ್ದರು. ನೀಲಿ ನೀರು, ಬಿಳಿ ದೋಣಿ, ಅದರಲ್ಲಿ ನಮಗೆ ಬೆನ್ನು ಹಾಕಿ ಒಂದೇ ಕೆಂಪು ಕೊಡೆಯ ಕೆಳಗೆ ಕುಳಿತ ಇಬ್ಬರು. ಅಪ್ಪ ಊಟಕ್ಕೆ ಕೂರುತ್ತಿದ್ದದ್ದು ಅದಕ್ಕೆ ಬೆನ್ನು ಮಾಡಿ, ಪತ್ರಿಕೆ ಹಿಡಿದು. ಹನ್ನೊಂದು ವರ್ಷ ಅವರ ಬೆನ್ನು ಮಾತ್ರ ಆ ಚಿತ್ರವನ್ನು ನೋಡಿತ್ತು. ಈಗ ಅಮ್ಮ ಅದನ್ನು ಮಡಚಿ ಕೈಚೀಲದಲ್ಲಿ ತಂದಿದ್ದರು, ತೋರಿಸುವ ಸರೋವರ ಅದೇ ಹೌದೋ ಅಲ್ಲವೋ ತಾಳೆ ನೋಡಬೇಕಲ್ಲ ಎಂದು.

ಅರ್ಜಿಯ ಏಳನೇ ಪ್ರಶ್ನೆ ಹೀಗಿತ್ತು: ‘ಅರ್ಜಿದಾರರು ಸದರಿ ಸರೋವರವನ್ನು ಕಣ್ಣಾರೆ, ಚಿತ್ರದಲ್ಲಿ, ಕನಸಿನಲ್ಲಿ ಅಥವಾ ಇನ್ನಾವುದೇ ರೀತಿಯಲ್ಲಿ ಈ ಮೊದಲು ನೋಡಿದ್ದಾರೆಯೇ?’

"ಇಲ್ಲ ಅಂತ ಬರಿ ಅಮ್ಮ. ಎಲ್ಲರೂ ಅದನ್ನೇ ಬರೀತಿದಾರೆ," ಎಂದಳು ಮಗಳು.

"ಇಲ್ಲ ಅಂತ ಹೇಗೇ ಬರೀಲಿ? ದಿನಾ ನೋಡ್ತೀನಲ್ಲ. ಇದನ್ನ ನೋಡ್ತಾ ನಿಂತು ಎಷ್ಟು ಸಲ ಹಾಲು ಉಕ್ಕಿಸಿದೀನಿ, ನಿಂಗೆ ಗೊತ್ತಿಲ್ವಾ?"

"ಸುಳ್ಳು ಮಾಹಿತಿ ಕೊಟ್ರೆ ಅರ್ಜಿ ತಿರಸ್ಕೃತ," ಎಂದರು ಅಪ್ಪ. "ಕೆಳಗೆ ಸಣ್ಣ ಅಕ್ಷರ ಇದೆ ನೋಡು. ಅಲ್ಲಿ ಅದಲ್ಲದೆ ಬೇರೇನೂ ಇರಲ್ಲ."

ಅಮ್ಮ ‘ಹೌದು, ದಿನಾಲೂ’ ಎಂದು ಬರೆದರು. ಮಗಳು ಹಣೆ ಚಚ್ಚಿಕೊಂಡು ಅದನ್ನು ಅನುವಾದಿಸಿದಳು. ಅರ್ಜಿ ಪಡೆಯುವ ಕಿಂಡಿಯಾಚೆ ಕುಂಡದ ಗಿಡಕ್ಕೆ ನೀರು ಹಾಕುತ್ತಿದ್ದ ಅಧಿಕಾರಿಣಿ ಅರ್ಜಿ ಓದಿದರು. ನೀರು ಕುಂಡ ತುಂಬಿ ಮೇಜಿಗೆ ಹರಿದರೂ ಅವರ ಕೈ ನಿಲ್ಲಲಿಲ್ಲ. ಒಟ್ಟು ಎಷ್ಟು ದಿನ ನೋಡಿದ್ದೀರಿ ಎಂದು ಕೇಳಿದರು.

ಅಪ್ಪನಿಗೆ ಇಂಥ ಪ್ರಶ್ನೆ ಎಂದರೆ ಪ್ರಾಣ. "ಅಧಿಕ ವರ್ಷದ ದಿನಗಳೂ ಸೇರಿ ನಾಲ್ಕು ಸಾವಿರದ ಹದಿನೆಂಟು. ಇವಳು ತಂಗಿ ಮನೆಗೆ ಹೋಗಿದ್ದು ಹದಿಮೂರು ದಿನ, ಈ ಪ್ರವಾಸ ಐದು ದಿನ, ಅದನ್ನ ಕಳೀಬೇಕು. ನಾಲ್ಕು ಸಾವಿರ, ಸರಿಯಾಗಿ."

"ಹನ್ನೊಂದು ವರ್ಷದಲ್ಲಿ ನಾನು ಮನೆ ಬಿಟ್ಟು ಹೊರಗಿದ್ದಿದ್ದು ಹದಿನೆಂಟೇ ದಿನಾನಾ ರೀ?" ಎಂದರು ಅಮ್ಮ.

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಅಷ್ಟರಲ್ಲಿ ಅಧಿಕಾರಿಣಿ ಎದ್ದು ನಿಂತಿದ್ದರು. ಕಚೇರಿಯೂ ಎದ್ದು ನಿಂತಿತ್ತು. ನಿಯಮಾವಳಿಯ ಕಡೆಯ ಪುಟವನ್ನು ಅವರು ಗಟ್ಟಿಯಾಗಿ ಓದಿದರು: ‘ನಾಲ್ಕು ಸಾವಿರ ದಿನಕ್ಕೆ ಕಡಿಮೆಯಿಲ್ಲದಂತೆ ಸರೋವರವನ್ನು ನೋಡಿದವರು ಹಿರಿಯ ವೀಕ್ಷಕರು. ಸರೋವರ ಇದೆಯೆಂದೂ ಇದ್ದಂತೆಯೇ ಇದೆಯೆಂದೂ ಅವರು ಪ್ರತಿದಿನ ದೃಢೀಕರಿಸತಕ್ಕದ್ದು. ದೃಢೀಕರಣವಿಲ್ಲದೆ ದೋಣಿ ಬಿಡತಕ್ಕದ್ದಲ್ಲ.’ ಹತ್ತೊಂಬತ್ತು ವರ್ಷದಿಂದ ಆ ಹುದ್ದೆ ಖಾಲಿ. ದಡದಲ್ಲೇ ಹುಟ್ಟಿ ಬೆಳೆದವರೂ ಏಳನೇ ಪ್ರಶ್ನೆಗೆ ‘ಇಲ್ಲ’ ಎಂದೇ ಬರೆಯುತ್ತಿದ್ದರು. ಹೀಗಾಗಿ ಒಂದು ತಾತ್ಕಾಲಿಕ ಆದೇಶದ ಮೇಲೆ ದೋಣಿ ಓಡುತ್ತಿತ್ತು. ಈಗ ಹಿರಿಯ ವೀಕ್ಷಕಿ ಸಿಕ್ಕಿದ್ದರಿಂದ ಆ ಆದೇಶ ರದ್ದಾಯಿತು. ಹೊರಗೆ ಧ್ವನಿವರ್ಧಕ ಮೊಳಗಿತು:

‘ಪ್ರಯಾಣಿಕರ ಗಮನಕ್ಕೆ. ಹಿರಿಯ ವೀಕ್ಷಕರು ದೊರೆತ ಸಂತೋಷದ ನಿಮಿತ್ತ ದೋಣಿಯನ್ನು ನಿಲ್ಲಿಸಲಾಗಿದೆ. ಸರೋವರ ಇರುವುದು ಖಚಿತವಾದ ಕೂಡಲೇ ತಿಳಿಸಲಾಗುವುದು.’

ಜನ ಚಪ್ಪಾಳೆ ತಟ್ಟಿದರು.

"ಸರಿ, ಈಗ ಅಮ್ಮನ್ನ ದೋಣಿ ಹತ್ತಿಸಬಹುದಾ?" ಎಂದು ಮಗಳು ಕೇಳಿದಳು. ಗಂಟೆ ನಾಲ್ಕೂ ಇಪ್ಪತ್ತು.

ಸಾಧ್ಯವಿರಲಿಲ್ಲ. ದೃಢೀಕರಿಸುವವರು ದೋಣಿ ಹತ್ತಿದರೆ ಸರೋವರದ ಮೇಲೆ ಮಮಕಾರ ಹುಟ್ಟಿ ವರದಿ ಕೆಡುತ್ತದೆ. ಅವರು ದಡದಲ್ಲೇ ನಿಲ್ಲತಕ್ಕದ್ದು. ಹುದ್ದೆಗೆ ರಾಜೀನಾಮೆ ಕೊಡುತ್ತಾರೆ ಎಂದರೆ ಮೂರು ತಿಂಗಳ ಮುಂಚೆ ತಿಳಿಸಬೇಕು.

"ಹೋಗ್ಲಿ ಬಿಡೇ," ಎಂದರು ಅಮ್ಮ. "ದಡದಿಂದಾನೇ ನೋಡಿದ್ರಾಯ್ತು. ಇಷ್ಟು ವರ್ಷಾನೂ ದೂರದಿಂದಾನೇ ತಾನೆ ನೋಡಿದ್ದು." ಅಮ್ಮ ನಗುತ್ತಲೇ ಹೇಳಿದರು. ಮಗಳಿಗೆ ಮಾತ್ರ ಇಷ್ಟು ದೂರ ಕರೆತಂದು ಅಮ್ಮನಿಗೊಂದು ಸರಕಾರಿ ಕೆಲಸ ಕೊಡಿಸಿದ ಹಾಗಾಯಿತಲ್ಲ ಎಂದು ಅಳು ಬಂತು.

ಆಗ ಅಪ್ಪ ಅಮ್ಮನ ಕೈಯಿಂದ ಚಿತ್ರ ಇಸಕೊಂಡರು. ಎಣ್ಣೆ ಸಿಡಿದ ಕಲೆಗಳ ಮಧ್ಯೆ ಅದನ್ನು ಬಹಳ ಹೊತ್ತು ನೋಡಿದರು. ಮೊದಲ ಸಲ ನೋಡುವವರು ಎಂದು ಯಾರಿಗಾದರೂ ಪರವಾನಗಿ ಕೊಡುವುದಿದ್ದರೆ ನಿಜಕ್ಕೂ ಅವರಿಗೇ ಕೊಡಬೇಕಿತ್ತು.

"ಇದರಲ್ಲಿ ಇಬ್ರು ಕೂತಿದಾರೆ," ಎಂದರು.

"ಹನ್ನೊಂದು ವರ್ಷದಿಂದ ಕೂತಿದಾರೆ," ಎಂದರು ಅಮ್ಮ.

ಅಪ್ಪ ನೀಲಿ ಕಡತ ಬಿಚ್ಚಿದರು. ವಿದೇಶಕ್ಕೂ ಅವರು ಕಾರ್ಬನ್ ಕಾಗದ ತಂದಿದ್ದರು. ಮೂರು ಪ್ರತಿಗಳಲ್ಲಿ ಟಿಪ್ಪಣಿ ಸಿದ್ಧವಾಯಿತು: ‘ಲಗತ್ತಿಸಿದ ಚಿತ್ರವನ್ನು ಪರಿಶೀಲಿಸಲಾಗಿ, ದೋಣಿಯಲ್ಲಿ ದಂಪತಿ ಕಂಡುಬರುತ್ತಾರೆ. ಸದರಿ ದಂಪತಿ ಇಲ್ಲದ ಸರೋವರವನ್ನು ಇದ್ದಂತೆಯೇ ಇದೆ ಎಂದು ದೃಢೀಕರಿಸಲು ಬರುವುದಿಲ್ಲ. ದಂಪತಿಯನ್ನು ಒದಗಿಸಲು ಈ ಕೆಳಗೆ ಸಹಿ ಮಾಡಿದವರು ಸಿದ್ಧರಿದ್ದಾರೆ. ವೀಕ್ಷಕಿಯವರ ಪ್ರಭಾರವನ್ನು ನಲವತ್ತೈದು ನಿಮಿಷದ ಮಟ್ಟಿಗೆ ಮಗಳಿಗೆ ವಹಿಸಬಹುದು. ಸೂಕ್ತ ಆದೇಶಕ್ಕಾಗಿ.’

ಮಗಳು ಅನುವಾದಿಸಿದಳು. ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಟಿಪ್ಪಣಿ ಆ ಕಚೇರಿಗೆ ಬಂದು ಒಂದು ತಲೆಮಾರೇ ಆಗಿತ್ತಂತೆ. ಕೂಡಲೇ ಮೊಹರು ಬಿತ್ತು. ಕಳೆದುಹೋದ ವಸ್ತುಗಳ ಕಪಾಟಿನಿಂದ ಒಂದು ಕೆಂಪು ಕೊಡೆ ಹುಡುಕಿ, ಸಹಿ ಹಾಕಿಸಿಕೊಂಡು ಕೊಟ್ಟರು. ಅದರ ಒಂದು ಕಡ್ಡಿ ಮುರಿದಿತ್ತು. ಚಿತ್ರದಲ್ಲಿ ಆ ಕಡ್ಡಿ ಕಾಣುವುದಿಲ್ಲವಾದ್ದರಿಂದ ಆಕ್ಷೇಪಣೆ ಬರಲಿಲ್ಲ.

ಐದಕ್ಕೆ ದೋಣಿ ಹೊರಟಿತು. ದಡದಲ್ಲಿ ಪ್ರಭಾರ ಹಿರಿಯ ವೀಕ್ಷಕಿ ಒಂದು ಕೈಯಲ್ಲಿ ಚಿತ್ರ ಹಿಡಿದು ನಿಂತಳು. ನೀರು ಸರಿ, ದೋಣಿ ಸರಿ, ಕೊಡೆ ಸರಿ. ಆದರೆ ಅಪ್ಪ ಎಂದಿನಂತೆ ಹಲಗೆಯ ಆ ತುದಿಗೆ, ಅಮ್ಮ ಈ ತುದಿಗೆ. ನಡುವೆ ನೀಲಿ ಕಡತ.

"ಚಿತ್ರದಲ್ಲಿ ಹತ್ತಿರ ಕೂತಿದಾರೆ," ಎಂದು ವರದಿ ಕೊಟ್ಟಳು ಮಗಳು. ಅಧಿಕಾರಿಣಿ ಧ್ವನಿವರ್ಧಕವನ್ನು ಅವಳ ಕೈಗೇ ಕೊಟ್ಟರು.

"ದೋಣಿಯಲ್ಲಿರುವ ದಂಪತಿ ಇನ್ನೂ ಹತ್ತಿರ ಕೂರತಕ್ಕದ್ದು!"

ಬಾಯಿಮಾತಿನ ಆದೇಶವನ್ನು ಅಪ್ಪ ತಮ್ಮ ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಎಂದೂ ಪಾಲಿಸಿದವರಲ್ಲ. ಅಂದು ಪಾಲಿಸಿದರು. ಕಡತವನ್ನು ಕಾಲ ಬಳಿ ಇಟ್ಟು, ಸರಿದು ಕುಳಿತು, ಕೊಡೆಯನ್ನು ಅಮ್ಮನ ಕಡೆಗೆ ವಾಲಿಸಿದರು. ಊರಿನವರ ಕಣ್ಣನ್ನೆಲ್ಲ ಪರೀಕ್ಷಿಸುವ ಮಗಳಿಗೆ ಸ್ವಲ್ಪ ಹೊತ್ತು ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಪ್ರಮಾಣಪತ್ರದ ಮೇಲೆ ‘ಇದೆ. ಇದ್ದಂತೆಯೇ ಇದೆ’ ಎಂದು ಬರೆದು ಸಹಿ ಹಾಕಿದಳು.

ಹಳೆಯ ಚಿತ್ರವನ್ನು ಇಲಾಖೆ ಮೂಲ ದಾಖಲೆಯೆಂದು ಇಟ್ಟುಕೊಂಡಿತು. ಅದರ ಬದಲಿಗೆ ಮಗಳು ತೆಗೆದ ಫೋಟೋವನ್ನೇ ದೊಡ್ಡದು ಮಾಡಿಸಿ, ಮೊಹರು ಒತ್ತಿ ಕೊಟ್ಟರು. ಈಗ ಅದು ಒಲೆಯ ಮೇಲಿದೆ. ಚಿತ್ರದಲ್ಲಿ ನೋಡಿದರೂ ನೋಡಿದಂತೆಯೇ ಎಂದು ಏಳನೇ ಪ್ರಶ್ನೆಯೇ ಒಪ್ಪಿರುವುದರಿಂದ, ಪ್ರತಿದಿನ ಬೆಳಿಗ್ಗೆ ದೃಢೀಕರಣಕ್ಕಾಗಿ ಆ ದೇಶದಿಂದ ಮನೆಗೇ ಫೋನ್ ಬರುತ್ತದೆ. ಅಮ್ಮ ಹಾಲಿನ ಪಾತ್ರೆ ಹಿಡಿದೇ ಚಿತ್ರ ನೋಡಿ "ಇದೆ" ಎನ್ನುತ್ತಾರೆ. ಅಧಿಕಾರಿಣಿ ಆ ಒಂದು ಮಾತು ಕಲಿತಿದ್ದಾರೆ. ದೃಢೀಕರಣಕ್ಕೆ ಮೇಲುಸಹಿ ಬೇಕೆಂದು ಅಪ್ಪನೇ ಬರೆದು ಕೇಳಿ ಆ ಹೊಣೆಯನ್ನು ಪಡೆದುಕೊಂಡಿದ್ದಾರೆ. ನೋಡದೆ ಸಹಿ ಮಾಡುವುದು ತಪ್ಪಾದ್ದರಿಂದ ಊಟದ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡಿದ್ದಾರೆ. ಪತ್ರಿಕೆ ಈಗ ಮಧ್ಯಾಹ್ನ ಓದುತ್ತಾರೆ.

ಕಳೆದ ವಾರ ಅಮ್ಮನಿಗೆ ಜ್ವರ ಬಂದು ಫೋನ್ ತೆಗೆಯಲಾಗಲಿಲ್ಲ. ಅಪ್ಪ ಹಾಸಿಗೆಯ ಪಕ್ಕ ಕೂತಿದ್ದವರು ಏಳಲಿಲ್ಲ. ಅಲ್ಲಿ ಪರವಾನಗಿ ಹಿಡಿದ ನಲವತ್ತು ಜನ ನೀರಿನ ಅಂಚಿನಲ್ಲಿ ನಿಂತು, ಎದುರಿಗಿದ್ದ ಸರೋವರವನ್ನು ಮಧ್ಯಾಹ್ನದವರೆಗೆ ನೋಡಿ, ಇಂದು ಸರೋವರ ಇಲ್ಲವಂತೆ ಎಂದು ಒಬ್ಬರಿಗೊಬ್ಬರು ತಿಳಿಸಿ ಹಿಂದಿರುಗಿದರು. ದೂರು ಯಾರೂ ಕೊಡಲಿಲ್ಲ. ಹಿರಿಯ ವೀಕ್ಷಕಿ ಬೇಗ ಗುಣವಾಗಲಿ ಎಂಬ ಪತ್ರ ಮಾತ್ರ ಬಂತು, ಮೂರು ಪ್ರತಿಗಳಲ್ಲಿ.