ಹೆಣದಣ್ಣನ ವಿದೇಶಯಾತ್ರೆ

ಎಲ್ಲದಕ್ಕೂ ಕಾರಣ ಒಂದು ಫೋನು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹೆಣದಣ್ಣನಿಗೆ ಸಿನಿಮಾ ಕಂಪನಿಯ ಮ್ಯಾನೇಜರು ಫೋನು ಮಾಡಿ, "ವಿದೇಶದಲ್ಲಿ ಶೂಟಿಂಗ್ ಇಟ್ಕೊಂಡಿದೀವಿ. ಹಿಮದ ಮೇಲೆ ಬಿದ್ದಿರೋಕೆ ಒಂದು ಹೆಣ ಬೇಕು. ಸಾಯಂಕಾಲ ಆಫೀಸಿಗೆ ಬಾ, ಡೈರೆಕ್ಟರು ನೋಡ್ತಾರೆ," ಅಂದ. ಯಾವ ಊರು ಅಂತ ಕೇಳಿ ತಿಳಿದಾಗ ಹೆಣದಣ್ಣ ಬಾಯಲ್ಲಿದ್ದ ನೊರೆಯನ್ನು ನುಂಗಿಯೇಬಿಟ್ಟ. ಅದು ಅವನ ಅಕ್ಕ ಇರುವ ಊರು.

ಸಿನಿಮಾದಲ್ಲಿ ಹೆಣವಾಗಿ ಮಲಗುವುದೇ ಅವನ ಕಸುಬು. ಬೀದಿಯವರು ಹೆಣದಣ್ಣ ಅಂತ ಕರೆಯುತ್ತಿದ್ದುದೂ ಅದಕ್ಕೇ. ನದಿಯಲ್ಲಿ ತೇಲಿದ್ದಾನೆ, ಲಾರಿಯಡಿ ಸಿಕ್ಕಿದ್ದಾನೆ, ನಾಯಕಿಯ ಅಪ್ಪನ ಫೋಟೋ ಆಗಿ ಗೋಡೆಯಲ್ಲೂ ನೇತಾಡಿದ್ದಾನೆ. ಬದುಕಿರುವ ಪಾತ್ರ ಮಾತ್ರ ಒಂದೂ ಸಿಕ್ಕಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಮದುವೆಯಾಗಿ ದೂರದೇಶಕ್ಕೆ ಹೋದವಳು ತಿರುಗಿ ಬರಲೇ ಇಲ್ಲ. ಈಗ ಹಾಸಿಗೆ ಹಿಡಿದಿದ್ದಳು, ಕಣ್ಣು ಪೂರ್ತಿ ಹೋಗಿತ್ತು. ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ದನಿ ಕೇಳಿ ಕೇಳಿ ಸಾಕಾಯ್ತು ಕಣೋ. ಒಂದ್ಸಲ ಬಂದು ನಿನ್ನ ಮುಖ ಸವರೋಕೆ ಕೊಡು. ಆಮೇಲೆ ನೆಮ್ಮದಿಯಾಗಿ ಹೋಗ್ತೀನಿ." ಹಾಗೆಂದ ದಿನ ಹೆಣದಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಸುದ್ದಿಯನ್ನು ಅವನು ಹೆಂಡತಿಗೆ ಮಾತ್ರ ಹೇಳಿದ. ಅವಳು ತಡಮಾಡದೆ ಅಕ್ಕನಿಗೆ ಫೋನು ಮಾಡಿದಳು, ಅದೂ ಇಡೀ ಬೀದಿಗೆ ಕೇಳುವ ದನಿಯಲ್ಲಿ. ಪಕ್ಕದ ಮನೆ ಟೈಲರು ಕಿಟಕಿಯಲ್ಲಿ ತಲೆ ತೂರಿಸಿದ.

"ಹಿಮ ಅಂದ್ರೆ ಹುಡುಗಾಟನಾ? ಗಡಗಡ ನಡುಗ್ತಾ ಮಲಗಿದ್ರೆ ಯಾರಪ್ಪಾ ನಿನ್ನ ಹೆಣ ಅಂತಾರೆ? ಪ್ರಾಕ್ಟೀಸ್ ಬೇಕು."

"ಎಲ್ಲಿ ಮಾಡ್ಲಿ?"

"ನಮ್ಮ ಭಾವನ ಐಸ್ ಫ್ಯಾಕ್ಟರಿ ಇರೋದು ಯಾತಕ್ಕೆ! ನಡಿ."

ಐಸ್ ಹಲಗೆಗಳ ಮೇಲೆ ಅವನನ್ನು ಮಲಗಿಸಿ, "ನಾನು ಬಂದು ಎಬ್ಬಿಸೋವರೆಗೂ ಅಲ್ಲಾಡಬೇಡ," ಅಂತ ಹೇಳಿ ಟೈಲರು ಭಾವನ ಜೊತೆ ಚಹಾಕ್ಕೆ ಹೋದ. ಹೋದವನು ಹರಟೆಗೆ ಕೂತು ಇವನನ್ನು ಮರೆತೇಬಿಟ್ಟ. ಮೀನಿಗೆ ಐಸ್ ಒಯ್ಯಲು ಬಂದ ಹೆಂಗಸು ನೀಲಿಗಟ್ಟಿದ ತುಟಿ ಕಂಡು ಕಿಟಾರನೆ ಕಿರುಚಿದಳು. ಜನ ಸೇರಿದರು.

"ಪಾಪ, ಒಳ್ಳೆ ಮನುಷ್ಯನ ಹಾಗೆ ಕಾಣ್ತಾನೆ."

"ಎಲ್ಲಿಂದ? ಮೂಗು ನೋಡಿದ್ರೇ ಗೊತ್ತಾಗುತ್ತೆ, ಕುಡುಕ."

ಹೆಣದಣ್ಣನಿಗೆ ಮೈಯೆಲ್ಲ ಉರಿಯಿತು. ಆದರೂ ಅಲ್ಲಾಡಲಿಲ್ಲ. ಇಷ್ಟು ಜನರನ್ನು ನಂಬಿಸಿದವನಿಗೆ ಡೈರೆಕ್ಟರು ಯಾವ ಲೆಕ್ಕ! ಯಾರೋ ಗೋಣಿಚೀಲ ಹೊದಿಸಿದರು. ಗುರುತು ಸಿಕ್ಕ ಇನ್ಯಾರೋ ಅವನ ಮನೆಗೆ ಓಡಿದರು. ಹೆಂಡತಿ ಎದೆ ಬಡಿದುಕೊಳ್ಳುತ್ತ ಬಂದು ಮೈಮೇಲೆ ಬಿದ್ದು ಗೊಳೋ ಎಂದಳು.

"ಬದುಕಿದೀನಿ ಕಣೇ, ಸುಮ್ನಿರು," ಅಂತ ಅವನು ಪಿಸುಗುಟ್ಟಿದ.

ಅಷ್ಟು ಜನರ ಮುಂದೆ ಅತ್ತದ್ದು ದಂಡವಾಯಿತಲ್ಲ ಎಂಬ ಸಿಟ್ಟಿಗೆ ಅವಳು ಕೆನ್ನೆಗೆ ಬಾರಿಸಿದಳು. ಕೆನ್ನೆ ಮರಗಟ್ಟಿದ್ದರಿಂದ ಅವನಿಗೆ ಅದು ಗೊತ್ತಾಗಲಿಲ್ಲ.

ಸಾಯಂಕಾಲ ಆಫೀಸಿನಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ ಅವನನ್ನು ನೆಲದ ಮೇಲೆ ಮಲಗಿಸಿದರು. ಮ್ಯಾನೇಜರು ಪೆನ್ನಿನಿಂದ ಅಂಗಾಲು ಕೆರೆದ. ಡೈರೆಕ್ಟರು ಕತ್ತಿನ ಮೇಲೆ ತಣ್ಣೀರು ಸುರಿದರು. ಒಂದು ನೊಣ ರೆಪ್ಪೆಯ ಮೇಲೆ ಕೂತು ಕೈ ಉಜ್ಜಿಕೊಂಡು ಹೋಯಿತು. ಹೆಣದಣ್ಣ ಮಿಸುಕಲಿಲ್ಲ. ಮನಸ್ಸಿನಲ್ಲಿ ಅಕ್ಕನ ಬೆರಳುಗಳು ಆಗಲೇ ಅವನ ಹಣೆಯ ಮೇಲಿದ್ದವು.

ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ಥೇಟ್ ಗೊಂಬೆ ಹಾಗಿದಾನಲ್ರೀ!"

ಖರ್ಚು ಉಳಿಸಲು ಹೋಗುವವರಲ್ಲಿ ಯಾರನ್ನು ಕೈಬಿಡುವುದು ಅಂತ ಬೆಳಿಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಿದ್ದ ಮ್ಯಾನೇಜರನ ಮುಖ ಅರಳಿತು.

"ಹಾಗಾದ್ರೆ ಗೊಂಬೆನೇ ಒಯ್ಯೋಣ ಸಾರ್. ಟಿಕೆಟ್ ಬೇಡ, ವೀಸಾ ಬೇಡ, ಊಟ ಬೇಡ. ಪೆಟ್ಟಿಗೇಲಿ ಹಾಕಿದ್ರೆ ಆಯ್ತು."

ಹೆಣ ದಡಕ್ಕನೆ ಎದ್ದು ಕೂತಿತು. "ಸಾರ್, ಗೊಂಬೆ ಬೇರೆ, ನಾನು ಬೇರೆ! ನಾನು ಬದುಕಿರೋನು ಸಾರ್!"

ಅಷ್ಟು ಹೊತ್ತಿಗೆ ಬೆಳಗಿನ ಐಸು ಮೈಗೇರಿತ್ತು. ಹಲ್ಲು ಕಟಕಟ ಅಂದವು, ಕೈಕಾಲು ಗಡಗಡ ನಡುಗತೊಡಗಿದವು.

"ನೋಡಿದ್ರಾ?" ಅಂದ ಮ್ಯಾನೇಜರು. "ಫ್ಯಾನಿನ ಗಾಳಿಗೇ ಹೀಗೆ. ಹಿಮದಲ್ಲಿ ಏನು ಗತಿ? ಗೊಂಬೆನೇ ವಾಸಿ."

ಗೊಂಬೆಗೆ ಮುಖ ಬೇಕಲ್ಲ. ಮೇಕಪ್ಪಿನವನು ಹೆಣದಣ್ಣನ ಮುಖಕ್ಕೇ ಗಾರೆ ಮೆತ್ತಿ ಅಚ್ಚು ತೆಗೆದ. ಗಾರೆಯೊಳಗೆ ಅವನು ಅತ್ತದ್ದು ಯಾರಿಗೂ ಕಾಣಲಿಲ್ಲ.

"ಬೇಜಾರು ಮಾಡ್ಕೋಬೇಡಪ್ಪಾ," ಅಂದ ಮೇಕಪ್ಪಿನವನು, ಮುಖ ಒರೆಸುತ್ತ. "ಒಂದೊಂದು ಗೆರೆನೂ ಹಾಗೇ ಬರುತ್ತೆ. ಮುಟ್ಟಿ ನೋಡಿದ್ರೂ ಗೊತ್ತಾಗಲ್ಲ. ಅಲ್ಲಿ ನಿನ್ನ ಅಕ್ಕ ಇದಾರಂತಲ್ಲ, ಏನಾದ್ರೂ ತಲುಪಿಸೋದಿದ್ರೆ ಹೇಳು, ನಾನೇ ಹೋಗಿ ಕೊಟ್ಟು ಬರ್ತೀನಿ."

ಅಷ್ಟರಲ್ಲಿ ಫೋನು ಬಂತು.

"ತಮ್ಮಾ, ಬರ್ತಿದೀಯಂತೆ? ನಿಜ ಹೇಳೋ. ಮುಖ ಸವರೋಕೆ ಸಿಗುತ್ತಾ?"

ಹೆಣದಣ್ಣ ಮೇಜಿನ ಮೇಲೆ ಆರಲಿಟ್ಟಿದ್ದ ಅಚ್ಚನ್ನು ನೋಡಿದ. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಮುಖ ಬರುತ್ತೆ ಅಕ್ಕಾ," ಅಂದ. "ಆದ್ರೆ... ಸ್ವಲ್ಪ ತಣ್ಣಗಿರುತ್ತೆ."

"ಹಿಮದಿಂದ ಬಂದ ಮುಖ ಬೆಚ್ಚಗಿರುತ್ತೇನೋ ಪೆದ್ದೇ?" ಅಂತ ಅಕ್ಕ ನಕ್ಕಳು. "ಬರ್ಲಿ, ಅಂಗೈಲಿ ಹಿಡ್ಕೊಂಡು ಬೆಚ್ಚಗೆ ಮಾಡ್ತೀನಿ."