ಫಾದರ್ ಮಾಮಾನ ಫೀಲ್ಡ್‌ವರ್ಕ್

ನಮ್ಮ ಮಾಮಾನಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ಒಂದು ಕಾಲೇಜೇ ಬೇಕಾಯಿತು. ಅದೂ ವಾರವಲ್ಲ, ತಿಂಗಳಲ್ಲ, ಪೂರ್ತಿ ಎರಡು ವರ್ಷ! ಕೊನೆಗೆ ಕಲಿತಿದ್ದಾರೆಂದು ಸರ್ಟಿಫಿಕೇಟನ್ನೂ ಕೊಟ್ಟರು.

ಮಾಮಾ ಅಂದರೆ ನಮ್ಮವ್ವನ ತಮ್ಮ, ಕಥೋಲಿಕ ಪಾದ್ರಿ. ರಾಯಚೂರು ಕಡೆಯವರು. ಹೈದರಾಬಾದಿನ ಒಂದು ಸೆಮಿನರಿಯಲ್ಲಿ, ಅಂದರೆ ಹುಡುಗರನ್ನು ಪಾದ್ರಿಗಳನ್ನಾಗಿ ತಯಾರು ಮಾಡುವ ಮಠದಂಥ ಶಾಲೆಯಲ್ಲಿ, ಇಪ್ಪತ್ತು ವರ್ಷ ತತ್ತ್ವಶಾಸ್ತ್ರ ಹೇಳಿಕೊಟ್ಟವರು. ಅವರು ಚರ್ಚಿನ ಪೂಜೆಯಲ್ಲಿ ಉಪದೇಶದ ಪ್ರಸಂಗಕ್ಕೆ ನಿಂತರೆ ಮುಂದಿನ ಬೆಂಚಿನ ಮುದುಕಿಯರು ಜಪಸರವನ್ನು ಎರಡು ಸುತ್ತು ಮುಗಿಸುತ್ತಿದ್ದರು. ಹಿಂದಿನ ಬೆಂಚಿನ ಗಂಡಸರು ಹೊರಗೆ ಹೋಗಿ ಇರಾನಿ ಚಹಾ ಕುಡಿದು ಬಂದು, "ಎಲ್ಲಿಗೆ ಬಂತ್ರೀ?" ಎಂದು ಕೇಳಿದರೆ ಬೈಬಲಿನ ಮೋಶೆ ಇನ್ನೂ ಸಮುದ್ರ ದಾಟಿರುತ್ತಿರಲಿಲ್ಲ!

ಅದು ಗಚ್ಚಿಬೌಲಿಯಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ನಾನೂ ಅಂಥದ್ದೊಂದು ಕಟ್ಟಡದ ಬಾಗಿಲಲ್ಲಿ ಕೂತು, ಬಂದವರಿಗೆ ನಮಸ್ಕಾರ ಹೇಳುವ ಕೆಲಸದಲ್ಲಿದ್ದೆ. ಕಟ್ಟುವವರು, ಕಾಯುವವರು, ಗುಡಿಸುವವರು ಎಲ್ಲೆಲ್ಲಿಂದಲೋ ಬಂದು ಊರು ತುಂಬುತ್ತಿದ್ದರು. ಬರೀ ಪುಸ್ತಕ ಓದಿ ಪಾದ್ರಿಗಳಾದವರಿಗೆ ಈ ಜನರ ಕಷ್ಟ ಹೇಗೆ ತಿಳಿಯಬೇಕು? ಇನ್ನು ಮುಂದೆ ವಿದ್ಯಾರ್ಥಿಗಳು ದೇವಶಾಸ್ತ್ರದ ಜೊತೆಗೆ ಸಮಾಜಕಾರ್ಯವನ್ನೂ ಕಲಿಯಬೇಕೆಂದು ಸೆಮಿನರಿಯ ಹಿರಿಯರು ತೀರ್ಮಾನಿಸಿದರು. ಹೊಣೆ ಬಿದ್ದದ್ದು ಮಾಮಾನ ಮೇಲೆ.

"ನನಗ ಬರಲಾರದ್ದು ನಾ ಹೆಂಗ ಕಲಸ್ಲಿ?" ಎಂದ ಮಾಮಾ, ಐವತ್ತೆರಡನೆಯ ವಯಸ್ಸಿನಲ್ಲಿ ತಾವೇ ಕಾಲೇಜು ಸೇರಿದರು! ಮೊದಲ ದಿನ ಇವರು ಒಳಗೆ ಕಾಲಿಟ್ಟೊಡನೆ ಮೇಷ್ಟ್ರು ಬಂದರೆಂದು ಕ್ಲಾಸೆಲ್ಲ ಎದ್ದು ನಿಂತಿತಂತೆ. ಮಾಮಾ ಅಭ್ಯಾಸಬಲದಿಂದ ಹಾಜರಿ ಕೂಗಿಬಿಟ್ಟರಂತೆ.

ಅಲ್ಲಿ ಅವರಿಗೆ ಕಲಿಸಿದ ಮೊದಲ ವಿದ್ಯೆ ಕೇಳುವುದು. ಎದುರಿನವರು ಹೇಳಿದ್ದಕ್ಕೆ ಉಪದೇಶ ಕೊಡಬಾರದು, ಅವರ ಮಾತನ್ನೇ ಮೆಲ್ಲಗೆ ಅವರಿಗೆ ತಿರುಗಿಸಿ ಹೇಳಬೇಕು, ಆಗ ಅವರ ಮನಸ್ಸು ಬಿಚ್ಚಿಕೊಳ್ಳುತ್ತದೆ. ಸರಿ, ಅಭ್ಯಾಸ ಮಾಡಲು ಮನುಷ್ಯರು ಬೇಕಲ್ಲ? ಲಿಂಗಂಪಲ್ಲಿಯ ಹತ್ತಿರ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದೆವಲ್ಲ!

ಒಂದು ಭಾನುವಾರ ಅವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ತಮ್ಮಾ, ಬ್ಯಾಳಿ ಹೊತ್ತಾಕತ್ತೇತಿ ನೋಡೋ!"

ಮಾಮಾ ಅಡುಗೆಮನೆಯ ಬಾಗಿಲಲ್ಲೇ ಇದ್ದರು. ಶಾಂತವಾಗಿ ಹೇಳಿದರು: "ಅಂದ್ರ ಅಕ್ಕಾ, ಬ್ಯಾಳಿ ಹೊತ್ತಾಕತ್ತಿದ್ದಕ್ಕ ನಿನಗ ಭಾಳ ಬ್ಯಾಸರ ಆಗೇತಿ."

"ಬ್ಯಾಸರಲ್ಲೋ, ಗ್ಯಾಸ್ ಬಂದ್ ಮಾಡೋ!"

"ಗ್ಯಾಸ್ ಬಂದ್ ಮಾಡಬೇಕು ಅಂತ ನಿನಗ ಅನ್ನಸಾಕತ್ತೇತಿ."

ಅಂದು ನಾವೆಲ್ಲ ಉಪ್ಪಿನಕಾಯಿ ಹಚ್ಚಿಕೊಂಡು ಅನ್ನ ಉಂಡೆವು. ಮಾಮಾ ಮಾತ್ರ, 'ಅಕ್ಕ ತನ್ನ ಸಿಟ್ಟನ್ನು ಮುಕ್ತವಾಗಿ ಹೊರಹಾಕಿದಳು, ಪ್ರಗತಿ ಚೆನ್ನಾಗಿದೆ' ಎಂದು ಡೈರಿಯಲ್ಲಿ ಬರೆದುಕೊಂಡರು.

ಎರಡು ವರ್ಷ ಮುಗಿಯಿತು. ಸೆಮಿನರಿಯ ಹುಡುಗರನ್ನು ವಾರಕ್ಕೆರಡು ದಿನ ಸನತ್‌ನಗರದ ಕಾರ್ಮಿಕರ ಓಣಿಗಳಿಗೆ ಕರೆದೊಯ್ಯುವುದು ಶುರುವಾಯಿತು. ಮೊದಲ ಸಲ ಹುಡುಗರು ಬಿಳಿ ನಿಲುವಂಗಿ ಹಾಕಿಕೊಂಡೇ ಹೊರಟರು. ಓಣಿಯಲ್ಲಿ ಅರ್ಧ ಜನ ಕಾಲಿಗೆ ಬಿದ್ದರು, ಇನ್ನರ್ಧ ಜನ ಯಾರೋ ಸತ್ತಿದ್ದಾರೆಂದು ಗಾಬರಿಯಾದರು. ಮರುವಾರದಿಂದ ಅಂಗಿ, ಪ್ಯಾಂಟು. ಒಬ್ಬ ವಿದ್ಯಾರ್ಥಿ ವರದಿ ಬರೆದ: 'ಏಳು ಮನೆಗಳಲ್ಲಿ ಪ್ರಾರ್ಥನೆ ಮಾಡಿದೆ. ಫಲಿತಾಂಶ ಉತ್ತಮ.' ಮಾಮಾ ಕೆಂಪು ಶಾಯಿಯಲ್ಲಿ ಕೆಳಗೆ ಬರೆದರು: 'ದೇವರ ಕೆಲಸ ದೇವರು ಮಾಡ್ಯಾನ. ನೀ ಏನ ಮಾಡಿದಿ?'

ಮಾಮಾ ತಾವೇನು ಕಡಿಮೆಯೇ? ಗಚ್ಚಿಬೌಲಿಯ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ ನಮ್ಮ ರಾಯಚೂರಿನ ಕೂಲಿಯವರಿದ್ದಾರೆಂದು ಕೇಳಿ ಒಬ್ಬರೇ ಹೋದರು. ಗೇಟಿನಲ್ಲಿದ್ದ ಸೇಲ್ಸಿನ ಹುಡುಗ ಇವರ ನರೆತ ಗಡ್ಡ, ಇಸ್ತ್ರಿಯ ಅಂಗಿ ನೋಡಿ ಗಿರಾಕಿ ಎಂದುಕೊಂಡು ಮಾದರಿ ಫ್ಲ್ಯಾಟಿನೊಳಗೆ ಕೂರಿಸಿದ. ಈಜುಕೊಳ, ಜಿಮ್ಮು, ಗಾಳಿ, ಬೆಳಕು ಎಂದು ಅವನು ಹೇಳುತ್ತಾ ಹೋದ. ಇವರು ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದರು. ಅರ್ಧ ತಾಸಿಗೆಲ್ಲ ಆತ ಬ್ರೋಷರು ಮುಚ್ಚಿಟ್ಟು, ತಾನು ಕಟ್ಟಿಕೊಳ್ಳಬೇಕೆಂದಿದ್ದ ಹುಡುಗಿಯ ಮದುವೆ ಬೇರೆಡೆ ಗೊತ್ತಾಗಿರುವುದನ್ನು ಹೇಳಿ ಗಳಗಳನೆ ಅತ್ತನಂತೆ! ಕೂಲಿಯವರನ್ನು ಕಾಣದೆಯೇ ಮಾಮಾ ವಾಪಸಾದರು. "ಕಷ್ಟ ಇದ್ದಾಂವ ಗೇಟಿನಾಗ ಸಿಕ್ಕ, ಒಳಗ್ಯಾಕ ಹೋಗ್ಲಿ?" ಎಂದರು.

ಇಲ್ಲಿಯವರೆಗೆ ನಗಬಹುದು. ಆಮೇಲೆ ಅಂತಪ್ಪನ ಪ್ರಕರಣವಾಯಿತು.

ಅಂತಪ್ಪ ಸೆಮಿನರಿಯ ಅತ್ಯಂತ ಚುರುಕು ವಿದ್ಯಾರ್ಥಿ. ಪಾದ್ರಿಯಾಗಲು ಇನ್ನೊಂದೇ ವರ್ಷ ಬಾಕಿ. ಅಂಥವನು ಒಂದು ದಿನ ಸೆಮಿನರಿಯ ಮುಖ್ಯಸ್ಥರಾದ ರೆಕ್ಟರರ ಮುಂದೆ ನಿಂತು, ತಾನು ಪಾದ್ರಿಯಾಗುವುದಿಲ್ಲ, ಸನತ್‌ನಗರದಲ್ಲೇ ಇದ್ದು ಆ ಜನರ ಕೆಲಸ ಮಾಡುತ್ತೇನೆ ಎಂದುಬಿಟ್ಟ! ಹಿರಿಯರು ಮಾಮಾನನ್ನು ಕರೆಸಿದರು. "ಪಾದ್ರಿಗಳನ್ನ ತಯಾರು ಮಾಡ್ರಿ ಅಂದ್ರ ಸೆಮಿನರಿನ ಖಾಲಿ ಮಾಡಾಕತ್ತೀರಲ್ಲ ಫಾದರ್?" ಎಂದರು. ತರಬೇತಿಯನ್ನೇ ನಿಲ್ಲಿಸುವ ಮಾತೂ ಬಂತು.

ಮುಂದಿನ ವಾರ ಅಂತಪ್ಪನ ತಾಯಿ ಮಾನ್ವಿ ಕಡೆಯ ಹಳ್ಳಿಯಿಂದ ಬಂದಳು. ವಿಧವೆ. ಮಗ ಹುಟ್ಟಿದಾಗಲೇ ಅವನನ್ನು ದೇವರಿಗೆ ಕೊಡುತ್ತೇನೆಂದು ಹರಕೆ ಹೊತ್ತವಳು. ಸೆಮಿನರಿಯಲ್ಲಿ ಹೆಂಗಸರು ಇಳಿದುಕೊಳ್ಳುವಂತಿರಲಿಲ್ಲ, ಹಾಗಾಗಿ ಮಾಮಾ ಆಕೆಯನ್ನು ನಮ್ಮ ಮನೆಗೆ ಕರೆತಂದರು. ಕೈಕಾಲು ತೊಳೆದದ್ದೇ ತಡ, ಆಕೆ ಶುರುಮಾಡಿದಳು:

"ದೇವರಿಗೆ ಕೊಟ್ಟ ಮಗನ್ನ ಓಣಿಪಾಲು ಮಾಡಿದ್ರಲ್ರೀ ಫಾದರ್! ಊರಾಗ ನಾ ಯಾವ ಮಾರಿ ಇಟ್ಕೊಂಡು ತಿರುಗ್ಲಿ? ಅಂವ ಪಾದ್ರಿಯಾಗಿ ಮಾಡೂ ಮೊದಲ ಪೂಜಿ ನೋಡಿ ಸಾಯಬೇಕಂತಿದ್ನಿ."

ಒಂದು ತಾಸು ಬೈದಳು. ಮಾಮಾ ಅವಳ ಮಾತನ್ನು ಅವಳಿಗೆ ತಿರುಗಿಸಲಿಲ್ಲ, ತತ್ತ್ವ ಹೇಳಲಿಲ್ಲ, ಬೈಬಲನ್ನೂ ತೆಗೆಯಲಿಲ್ಲ. ಕೊನೆಗೆ ಅವಳೇ, "ಏನರೆ ಅನ್ರಿ" ಎಂದಳು.

"ತಪ್ಪು ಮಾಡೀನೋ ಸರಿ ಮಾಡೀನೋ ನನಗೂ ತಿಳಿವಲ್ದು ತಾಯಿ," ಎಂದರು ಮಾಮಾ. "ಅಂವ ಎಲ್ಲಿದಾನ, ಒಮ್ಮೆ ನೋಡೂಣು ಬಾ."

ನಾನು ರಜೆ ಹಾಕಿ ಜೊತೆಗೆ ಹೋದೆ. ಸನತ್‌ನಗರದಲ್ಲಿ ಹಳೆಯ ಶೆಡ್ಡುಗಳ ಹಿಂದೆ ಒಂದು ಕೋಣೆ. ಲಕ್ವ ಹೊಡೆದು ಮಲಗಿದ್ದ ಮುದುಕರೊಬ್ಬರು, ಫ್ಯಾಕ್ಟರಿಯಲ್ಲಿ ದುಡಿದವರು. ಅಂತಪ್ಪ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದ. ತಾಯಿಯನ್ನು ಕಂಡು ಗಾಬರಿಯಾಗಿ ಕೈ ನಿಲ್ಲಿಸಿದ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಆಮೇಲೆ ಒಳಗೆ ಹೋಗಿ, ಕೂತು, ಮಗನ ಕೈಯಿಂದ ನೇಲ್‌ಕಟರ್ ತೆಗೆದುಕೊಂಡಳು.

"ಹಂಗ ಹಿಡದ್ರ ನೋಯ್ತೈತೋ. ಮೊದ್ಲ ಬಿಸಿನೀರಾಗ ನೆನಸಬೇಕು. ನೀರು ಕಾಸು, ಏಳು."

ಅಂತಪ್ಪ ಎದ್ದು ನೀರು ಕಾಸಿದ.

ಅವನು ಸೆಮಿನರಿಗೆ ಮರಳಲಿಲ್ಲ. ತಾಯಿ ಅವನನ್ನು ಪೂರ್ತಿ ಕ್ಷಮಿಸಿದಳೆಂದೂ ಹೇಳಲಾರೆ. ಆದರೆ ವರ್ಷಕ್ಕೆರಡು ಸಲ ಬಂದು ಅವನ ಕೋಣೆಯಲ್ಲಿದ್ದು ಹೋಗತೊಡಗಿದಳು. ತರಬೇತಿ ನಿಲ್ಲಲಿಲ್ಲ, ಎರಡು ದಿನವಿದ್ದದ್ದು ಒಂದಾಯಿತು, ಅಷ್ಟೇ.

ಅಂದು ಅವಳನ್ನು ಮಗನ ಹತ್ತಿರವೇ ಬಿಟ್ಟು ನಾನೂ ಮಾಮಾನೂ ಲೋಕಲ್ ರೈಲು ಹತ್ತಿದೆವು. ಹೈಟೆಕ್ ಸಿಟಿಯಲ್ಲಿ ಕೊರಳಿಗೆ ಗುರುತಿನ ಪಟ್ಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ನಗುತ್ತಾ ಹತ್ತಿದರು. ಆ ಗದ್ದಲದಲ್ಲಿ ಮಾಮಾ ಏನೋ ಅಂದರು. ನಾನು ಬಾಗಿ, "ಏನಂದ್ರಿ ಮಾಮಾ?" ಎಂದೆ.

"ನಮ್ಮವ್ವ ಎಂಟು ತಿಂಗಳು ಹಾಸಿಗಿ ಹಿಡದ್ಲು. ನಾ ಎರಡ ಸಲ ಹೋಗಿದ್ನಿ. ಎರಡೂ ಸಲ ಭಾಳ ಮಾತಾಡಿ ಬಂದ್ನಿ." ಕಿಟಕಿಯ ಕಡೆ ತಿರುಗಿದರು. "ಆಕಿ ಉಗುರು ಯಾರು ತಗೀತಿದ್ರೋ ಏನೋ, ನನಗ ಗೊತ್ತಿಲ್ಲ ನೋಡವ್ವ."

ಅಜ್ಜಿ ಹಾಸಿಗೆ ಹಿಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಜೆಗೆ ಅವ್ವನ ಜೊತೆ ಅಲ್ಲೇ ಇದ್ದೆ.

"ನಾ ತಗೀತಿದ್ನಿ ಮಾಮಾ," ಎಂದೆ.

ಮಾಮಾ ನನ್ನ ಎರಡೂ ಕೈ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಲಿಂಗಂಪಲ್ಲಿ ಬಂದು, ಹುಡುಗ ಹುಡುಗಿಯರೆಲ್ಲ ಇಳಿದುಹೋದ ಮೇಲೂ ಬಿಡಲಿಲ್ಲ.