ಕೊಳೆ ಬೇಡಲು ಹೋದ ಹಲ್ಲಿನ ಡಾಕ್ಟರು

ಊರಿನ ಅರ್ಧ ಜನರ ಬಾಯಿ ಸ್ವಚ್ಛ ಮಾಡಿದ ತಮಗೆ ಒಂದು ಮೀನಿನ ತೊಟ್ಟಿ ಯಾವ ಲೆಕ್ಕ ಎಂದುಕೊಂಡು ಹಲ್ಲಿನ ಡಾಕ್ಟರು ಭಾನುವಾರ ಬೆಳಿಗ್ಗೆ ಅಂಗಿಯ ತೋಳು ಮಡಚಿದರು. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಫಿಲ್ಟರಿನ ತಂಟೆಗೆ ಹೋಗಬೇಡಿ, ನೀರು ಸರಿಯಾಗಿ ಹರಿಯದಿದ್ದರೆ ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಹಿಂಡಿದರೆ ಸಾಕು ಎಂದು ಹೇಳಿಯೇ ಹೋಗಿದ್ದಳು. ಕೊಳೆನೀರಿನಲ್ಲಿ ಕೊಳೆ ತೊಳೆಯುವುದೇ? ಡಾಕ್ಟರಿಗೆ ನಗು ಬಂತು.

ಫಿಲ್ಟರ್ ಬಿಚ್ಚಿದರೆ ಸ್ಪಂಜು ಕೆಸರಿನ ಮುದ್ದೆಯಾಗಿತ್ತು. ನಲ್ಲಿಯ ಕೆಳಗೆ ತಿಕ್ಕಿದರು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದರು, ಮೂರು ಬಕೆಟ್ ನೀರಿನಲ್ಲಿ ಜಾಲಿಸಿ ಬಿಸಿಲಿಗಿಟ್ಟರು. ಸ್ಪಂಜು ಹೊಸ ಹಲ್ಲಿನ ಸೆಟ್ಟಿನಂತೆ ಹೊಳೆಯಿತು!

ಅದನ್ನು ಫಿಲ್ಟರಿಗೆ ಮರಳಿ ಸೇರಿಸಿ ಎರಡು ದಿನ ಕಳೆಯುವಷ್ಟರಲ್ಲಿ ತೊಟ್ಟಿಯ ನೀರು ಸುಣ್ಣ ಕದಡಿದಂತೆ ಬೆಳ್ಳಗಾಯಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ನಿಂತವು. ಜೀವಮಾನವೆಲ್ಲ ‘ಬಾಯಿ ತೆಗೀರಿ’ ಎಂದೇ ಕಳೆದವರಿಗೆ, ಹೇಳದೆಯೇ ತೆರೆದ ಆ ಬಾಯಿಗಳನ್ನು ನೋಡಲು ಭಯವಾಯಿತು. ಅವುಗಳಲ್ಲಿ ದೊಡ್ಡ ಕೆಂಪು ಮೀನು ಹೆಂಡತಿ ಮದುವೆಗೆ ಮುಂಚೆಯೇ ಸಾಕಿದ್ದು. ಆ ಮನೆಯಲ್ಲಿ ಡಾಕ್ಟರಿಗಿಂತ ಸೀನಿಯರ್. ಬೇರೆ ದಾರಿ ಕಾಣದೆ ಹೆಂಡತಿಗೇ ಫೋನ್ ಮಾಡಿದರು.

“ಸ್ಪಂಜು ತೊಳೆದ್ರಾ?”

“ಸ್ವಲ್ಪ.”

“ಯಾವುದರಲ್ಲಿ ರೀ?”

ಡಾಕ್ಟರು ಹೇಳಿದರು. ಆಕೆ ಕೂಗಾಡಲಿಲ್ಲ, ಅದೇ ಅವರಿಗೆ ಹೆಚ್ಚು ಭಯ ತಂದಿತು. ಮೀನಿನ ಹೊಲಸಿನ ವಿಷ ಕಳೆಯುವ ಸೂಕ್ಷ್ಮಜೀವಿಗಳು ಇರುವುದೇ ಆ ಕೊಳೆಯಲ್ಲಿ, ನೀವು ಅವನ್ನೆಲ್ಲ ಸಾಯಿಸಿದ್ದೀರಿ ಎಂದಳು. ಅರ್ಧ ತೊಟ್ಟಿ ನೀರು ತೆಗೆದು ಕ್ಲೋರಿನ್ ಕಳೆಯುವ ಹನಿ ಹಾಕಿದ ಹೊಸ ನೀರು ತುಂಬಿಸಿ, ಮೀನಿಗೆ ತಿನ್ನಲು ಏನೂ ಹಾಕಬೇಡಿ, ಕೆಳಗಿನ ಮನೆಯ ಸಂಗೀತದ ಮೇಷ್ಟ್ರ ಹತ್ತಿರವೂ ಮೀನಿನ ತೊಟ್ಟಿಯಿದೆ, ಅವರ ಸ್ಪಂಜಿನಲ್ಲಿ ಒಂದು ತುಂಡು ಕೇಳಿ ತನ್ನಿ ಎಂದಳು.

“ತೊಳೆದು ಕೊಟ್ಟಾರು. ಕೊಳೇನೇ ಬೇಕು ಅಂತ ಬಾಯ್ಬಿಟ್ಟು ಕೇಳಿ.”

ಡಾಕ್ಟರ ಕಾಲು ಮೆಟ್ಟಿಲಿಳಿಯಲು ಒಪ್ಪಲಿಲ್ಲ. ಹಲ್ಲಿಗೆ ಇಷ್ಟು ಪಾಚಿ ಕಟ್ಟಿಸಿಕೊಂಡು ಹಾಡುತ್ತೀರಲ್ಲ ಎಂದು ಅದೇ ಮೇಷ್ಟ್ರನ್ನು ಹಿಂದಿನ ವಾರವಷ್ಟೇ, ಹೊರಗೆ ಕೂತ ರೋಗಿಗಳಿಗೂ ಕೇಳುವಂತೆ ಬೈದಿದ್ದರು. ಆದರೂ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, “ಸ್ವಲ್ಪ ಕೊಳೆ ಇದ್ರೆ ಕೊಡ್ತೀರಾ ಮೇಷ್ಟ್ರೇ?” ಎಂದರು.

ಆ ಕೊಳೆಯಿಂದಲೇ ಕೆಂಪು ಮೀನಾದಿಯಾಗಿ ಎಲ್ಲವೂ ಬದುಕಿಕೊಂಡವು. ಆದರೆ ಕಪ್ಪು ಸ್ಪಂಜಿನ ತುಂಡನ್ನು ಬಟ್ಟಲಿಗೆ ಹಾಕುತ್ತಾ ಮೇಷ್ಟ್ರು ನಿಧಾನವಾಗಿ ಆಡಿದ ಮಾತು ಡಾಕ್ಟರಿಗೆ ಇಂದಿಗೂ ಮರೆತಿಲ್ಲ.

“ಹೋದ ವಾರ ನಂದೆಲ್ಲ ಕೆರೆದು ಎಸೆದುಬಿಟ್ರಿ ಡಾಕ್ಟ್ರೇ. ಇದ್ದಿದ್ರೆ ಅದನ್ನೂ ಕೊಡ್ತಿದ್ದೆ.”